ಜಮೆಯ ಬದಿಯ ಒಂದಕ್ಷರ

2023ರ ಜುಲೈ ತಿಂಗಳಲ್ಲಿ, ಆಟಿಯ ಮಳೆ ಬಿಡದೆ ಸುರಿಯುತ್ತಿದ್ದ ಒಂದು ಸಂಜೆ, ಕುಂಬಳೆಗೂ ಉಪ್ಪಳಕ್ಕೂ ನಡುವೆ ಹೆದ್ದಾರಿಯಿಂದ ತುಸು ಒಳಗಿರುವ ಊರೊಂದರ ಕಬಡ್ಡಿ ಸಂಘದ ಕೋಶಾಧಿಕಾರಿ ಹೃದಯಾಘಾತದಿಂದ ತೀರಿಕೊಂಡರು. ಐವತ್ತೆರಡರ ಪ್ರಾಯ. ಅಡಿಕೆ ವ್ಯಾಪಾರಿಯೊಬ್ಬರ ಅಂಗಡಿಯಲ್ಲಿ ರೈಟರಾಗಿದ್ದವರು. ಹಗಲೆಲ್ಲ ಇನ್ನೊಬ್ಬರ ಅಡಿಕೆಯ ತೂಕ ಬರೆದು, ಸಂಜೆ ಶಾಲಾ ಮೈದಾನದ ಬದಿಯಲ್ಲಿ ಸಂಘದ ಲೆಕ್ಕ ಬರೆಯುತ್ತಿದ್ದವರು. 2009ರಿಂದ ಆ ಹುದ್ದೆ ಅವರದೇ ಆಗಿತ್ತು. ಪ್ರತಿ ಮಹಾಸಭೆಯಲ್ಲಿ ಅವರು ತಮ್ಮನ್ನು ಬಿಡುಗಡೆ ಮಾಡಬೇಕೆಂದು ಕೇಳುವುದು, ಸಭೆ ಚಪ್ಪಾಳೆ ತಟ್ಟಿ ಅವರನ್ನೇ ಮತ್ತೆ ಆರಿಸುವುದು ನಡೆದುಕೊಂಡು ಬಂದಿತ್ತು. ಚಪ್ಪಾಳೆಗೆ ಖರ್ಚಿಲ್ಲವಷ್ಟೆ.

ಸಂಘವೆಂದರೆ ದೊಡ್ಡ ಸಂಸ್ಥೆಯೇನೂ ಅಲ್ಲ. ಕನ್ನಡ ಮಾಧ್ಯಮ ಶಾಲೆಯ ಮೈದಾನದಲ್ಲಿ ವಾರಕ್ಕೆ ಮೂರು ದಿನ ಮಕ್ಕಳಿಗೆ ಅಭ್ಯಾಸ, ಭಾನುವಾರ ಅಭ್ಯಾಸದ ಬಳಿಕ ಒಬ್ಬೊಬ್ಬರಿಗೆ ಒಂದೊಂದು ಬೇಯಿಸಿದ ಮೊಟ್ಟೆ, ವರ್ಷಕ್ಕೊಮ್ಮೆ ಹೊನಲು ಬೆಳಕಿನ ಪಂದ್ಯಾಟ. ಮೂವತ್ತನಾಲ್ಕು ಮಕ್ಕಳು; ಅವರಲ್ಲಿ ಹನ್ನೊಂದು ಮಂದಿ ಹುಡುಗಿಯರು. ತರಬೇತುದಾರ ಹಳೆಯ ಆಟಗಾರ, ಸಂಬಳ ಪಡೆಯುವವರಲ್ಲ. ಆಂಗ್ಲ ಮಾಧ್ಯಮದ ಹಳದಿ ಬಸ್ಸು ಊರಿನ ಒಳದಾರಿಗಳಿಗೂ ಬರತೊಡಗಿದ ಮೇಲೆ, ಕೆಲವು ಮನೆಗಳ ಮಕ್ಕಳು ಹಟ ಹಿಡಿದು ಕನ್ನಡ ಶಾಲೆಯಲ್ಲೇ ಉಳಿದುದಕ್ಕೆ ಆ ಮೈದಾನವೂ ಒಂದು ಕಾರಣವೆಂದು ಅಧ್ಯಾಪಕರೇ ಹೇಳುವುದುಂಟು. ಆದುದರಿಂದ ಸಂಘದ ಹಣದ ಮಾತು ಕೇವಲ ಆಟದ ಮಾತಾಗಿರಲಿಲ್ಲ.

ಶವಸಂಸ್ಕಾರ ಮುಗಿದು ಹದಿಮೂರು ದಿನ ಕಳೆಯುವ ಮೊದಲೇ ಒಂದು ಪ್ರಶ್ನೆ ಗೂಡಂಗಡಿಯಲ್ಲಿ ಹುಟ್ಟಿತು: ಸಂಘದ ಹಣ ಎಲ್ಲಿದೆ?

ಪ್ರಶ್ನೆ ಅನ್ಯಾಯದ್ದಲ್ಲ. ಸಂಘಕ್ಕೆ ಸ್ವಂತ ಬ್ಯಾಂಕ್ ಖಾತೆ ಇರಲಿಲ್ಲ. ಹದಿನಾಲ್ಕು ವರ್ಷಗಳ ಜಮೆ ಖರ್ಚು ನಡೆದುದೆಲ್ಲ ಕೋಶಾಧಿಕಾರಿಯ ಉಳಿತಾಯ ಖಾತೆಯಲ್ಲಿ, ಅವರ ಸಂಬಳದ ಜತೆಯಲ್ಲೇ. ಸಂಘವನ್ನು ನೋಂದಾಯಿಸಬೇಕೆಂಬ ನಿರ್ಣಯ ಮಹಾಸಭೆಯ ಪುಸ್ತಕದಲ್ಲಿ ಆರು ಬಾರಿ ಇದೆ. ನಿಯಮಾವಳಿಯನ್ನು ಮಲೆಯಾಳದಲ್ಲೋ ಇಂಗ್ಲಿಷಿನಲ್ಲೋ ಬರೆಸಬೇಕು, ನಮ್ಮವರಿಗೆ ಆಗುವ ಕೆಲಸವಲ್ಲ ಎಂಬುದು ಪ್ರತಿ ಬಾರಿಯ ನೆಪ. ನೆಪದಲ್ಲಿ ಅರ್ಧ ಸತ್ಯವಿತ್ತು. ಗಡಿನಾಡಿನಲ್ಲಿ ಕಚೇರಿಯ ಮೆಟ್ಟಿಲು ಹತ್ತುವ ಕನ್ನಡಿಗನ ಕಾಲು ತುಸು ಭಾರವೇ. ಆದರೆ 1969ರ ಕೇರಳ ಅಧಿಕೃತ ಭಾಷಾ ಕಾಯಿದೆ, ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ಸರಕಾರದೊಡನೆ ತಮ್ಮ ಭಾಷೆಯಲ್ಲೇ ಪತ್ರವ್ಯವಹಾರ ನಡೆಸಬಹುದೆಂದು ಹೇಳುತ್ತದೆ. ಹಳೆಯ ಮಲಬಾರು ಪ್ರದೇಶಕ್ಕೆ ಸೇರಿದ ನಮ್ಮ ಜಿಲ್ಲೆಗೆ ಅನ್ವಯಿಸುವ 1860ರ ಸಂಘಗಳ ನೋಂದಣಿ ಕಾಯಿದೆಯೋ ಏಳು ಮಂದಿಯ ಸಹಿಗಿಂತ ಹೆಚ್ಚಿನದೇನನ್ನೂ ಮೊದಲ ಹೆಜ್ಜೆಗೆ ಕೇಳುವುದಿಲ್ಲ. ನೋಂದಣಿಯೇ ಇಲ್ಲದ ಸಂಘಕ್ಕೂ, ಠರಾವು ಮತ್ತು ಅಧಿಕಾರಪತ್ರ ಮೊದಲಾದ ದಾಖಲೆಗಳನ್ನೊಪ್ಪಿಸಿ, ಸಂಘದ ಹೆಸರಲ್ಲೇ ಬ್ಯಾಂಕ್ ಖಾತೆ ತೆರೆಯಲು ದಾರಿಯಿದೆ. ಏಳು ಜನ ಇರಲಿಲ್ಲವೆಂದಲ್ಲ. ಒಬ್ಬರು ನಂಬಿಕಸ್ಥರಿದ್ದುದರಿಂದ ಏಳು ಜನ ಬೇಕಾಗಲಿಲ್ಲ, ಅಷ್ಟೆ.

ಖಾತೆಯಲ್ಲಿ ಉಳಿದಿದ್ದುದು 88,640 ರೂಪಾಯಿ. ನಾಮನಿರ್ದೇಶಿತೆ ಅವರ ಪತ್ನಿ, ಅಂಗನವಾಡಿಯ ಸಹಾಯಕಿ. ಬ್ಯಾಂಕು ಹಣವನ್ನು ಅವರ ಕೈಗೆ ಕೊಡುತ್ತದೆ. ಅದು ಸರಿಯೂ ಹೌದು. ನಾಮನಿರ್ದೇಶನದಿಂದ ಹಣ ಪಡೆಯುವ ಹಕ್ಕು ದೊರೆಯುತ್ತದೆಯೇ ಹೊರತು ಒಡೆತನ ದೊರೆಯುವುದಿಲ್ಲ, ಒಡೆತನ ವಾರಸುದಾರರದು ಎಂಬುದನ್ನು ಸರ್ವೋಚ್ಚ ನ್ಯಾಯಾಲಯ 2010ರಲ್ಲಿ ಸ್ಪಷ್ಟಪಡಿಸಿದೆ. ಇದರಲ್ಲಿ ಸಂಘದ ಪಾಲೆಷ್ಟು? ಸಂಘವು ಕಾಯಿದೆಯ ಕಣ್ಣಿಗೆ ಕಾಣುವ ವ್ಯಕ್ತಿಯೇ ಅಲ್ಲ. ದಾವೆ ಹೂಡುವುದಾದರೂ ಕೆಲವು ಸದಸ್ಯರು ಎಲ್ಲರ ಪರವಾಗಿ ನ್ಯಾಯಾಲಯದ ಅನುಮತಿ ಪಡೆದು ಹೂಡಬೇಕು. ಇಂತಿಷ್ಟು ನಮ್ಮದೆಂದು ಸಾಬೀತುಪಡಿಸುವ ಹೊಣೆಯೂ ಅವರದೇ. ಸಾಬೀತುಪಡಿಸಬಲ್ಲವನು ತೀರಿಕೊಂಡಿದ್ದ.

ಊರಿಗೆ ನೆನಪಿದ್ದುದು ಒಂದೇ ಸಂಖ್ಯೆ: 2,15,000. ಅದೇ ವರ್ಷದ ಏಪ್ರಿಲ್ ತಿಂಗಳ ಪಂದ್ಯಾಟದ ರಾತ್ರಿ ಉದ್ಘೋಷಕರು ಧ್ವನಿವರ್ಧಕದಲ್ಲಿ ದಾನಿಗಳ ಹೆಸರನ್ನು ಓದಿ ಓದಿ ಕೂಡಿಸಿ ಹೇಳಿದ ಮೊತ್ತ. ಧ್ವನಿವರ್ಧಕದಲ್ಲಿ ಹೇಳಿದುದಕ್ಕೆ ಹಳ್ಳಿಯಲ್ಲಿ ಒಂದು ಬಗೆಯ ಶಾಸನದ ಬೆಲೆಯಿದೆ. ಖರ್ಚನ್ನು ಯಾರೂ ಧ್ವನಿವರ್ಧಕದಲ್ಲಿ ಓದುವುದಿಲ್ಲ.

ಅಷ್ಟರಲ್ಲಿ ಒಂದು ಕಾಗದ ಸಿಕ್ಕಿತು. ಕೋಶಾಧಿಕಾರಿಯ ಅಂಗಿಯ ಜೇಬಿನಲ್ಲೋ ಚೀಲದಲ್ಲೋ ಇದ್ದ ಕಚ್ಚಾ ಚೀಟಿಗಳ ಕಟ್ಟು. ಅದರಲ್ಲಿ ತಾರೀಕು, ಮೊತ್ತ, ಮುಂದೆ ಒಂದೇ ಅಕ್ಷರ, ಅದರ ಪಕ್ಕದಲ್ಲಿ ಚುಕ್ಕಿ: ‘ಸ್ವಂ.’ 1,500 ಸ್ವಂ. 800 ಸ್ವಂ. 3,000 ಸ್ವಂ. ಯಾರೋ ಅದರ ಚಿತ್ರ ತೆಗೆದು ವಾಟ್ಸಾಪಿನಲ್ಲಿ ಹಂಚಿದರು. ಸ್ವಂತಕ್ಕೆ ತೆಗೆದುಕೊಂಡುದು ಎಂದು ಊರು ಓದಿತು. ಓದುವುದಕ್ಕೆ ಅರ್ಧ ನಿಮಿಷ ಸಾಕಾಯಿತು. ಸುಮಾರು ಮೂರು ವಾರ ಆ ಮನೆಗೆ ಯಾರೂ ಹೋಗಲಿಲ್ಲ. ಹೋದವರು ಹಣದ ಮಾತೆತ್ತದೆ ಬರಲಿಲ್ಲ. ಮಗ ಮಂಗಳೂರಿನಲ್ಲಿ ಓದುತ್ತಿದ್ದವನು, ಅಪ್ಪನ ಹೆಸರು ಕೆಡಿಸಿದ ಮೈದಾನದ ಕಡೆಗೆ ತಾನು ಕಾಲಿಡುವುದಿಲ್ಲವೆಂದು ಹೇಳಿ ಹೊರಟುಹೋದ. ಮಕ್ಕಳ ಅಭ್ಯಾಸ ನಿಂತಿತು. ಮೊಟ್ಟೆ ಕೊಡುತ್ತಿದ್ದ ಅಂಗಡಿಯವರು ಎರಡು ತಿಂಗಳ ಬಾಕಿ ಯಾರು ಕೊಡುತ್ತೀರೆಂದು ಕೇಳತೊಡಗಿದರು.

ಪಕ್ಕಾ ಪುಸ್ತಕಗಳು ಇದ್ದುದು ಅಡಿಕೆ ಅಂಗಡಿಯ ಮೇಜಿನ ಡ್ರಾವರಿನಲ್ಲಿ. ಅಂಗಡಿಯ ಯಜಮಾನರಿಗೆ ಅವು ತಮ್ಮ ಅಂಗಡಿಯವಲ್ಲವೆಂದು ತಿಳಿದುದು ಆಗಸ್ಟ್ ತಿಂಗಳ ಕೊನೆಗೆ. ಉದ್ದನೆಯ ಮೂರು ಪುಸ್ತಕಗಳು. ಎಡಕ್ಕೆ ಜಮೆ, ಬಲಕ್ಕೆ ಖರ್ಚು, ಹಳೆಯ ಕಾಲದ ಕ್ರಮ. ಅವನ್ನು ಕೂಡಿಸುವ ಕೆಲಸ ಸಂಘದ ಹಳೆಯ ಆಟಗಾರ್ತಿಯೊಬ್ಬಳಿಗೆ ಬಿತ್ತು. ಬಿ.ಕಾಂ. ಎರಡನೆಯ ವರ್ಷದಲ್ಲಿದ್ದ ಹುಡುಗಿ. ಒಂದು ಕಾಲದಲ್ಲಿ ಉಪಜಿಲ್ಲಾ ಮಟ್ಟದಲ್ಲಿ ಆಡಿದವಳು. ಪ್ಲಸ್ ಟುವಿನಲ್ಲಿ ಅವಳಿಗೆ ಲೆಕ್ಕಶಾಸ್ತ್ರ ಕಲಿಸಿದ ಅಧ್ಯಾಪಕರು ಎರಡು ಭಾನುವಾರ ಜತೆಗೆ ಕುಳಿತರು. ಪ್ಲಾಸ್ಟಿಕ್ ಕುರ್ಚಿಗಳು, ಬ್ಯಾಂಕಿನ ಪಾಸುಪುಸ್ತಕ, ಹೊರಗೆ ಮಳೆ.

ಮೊದಲು ಕರಗಿದುದು ಆ 2,15,000. ಅದರಲ್ಲಿ 38,000 ರೂಪಾಯಿ ಬರೀ ಘೋಷಣೆ. ಹೆಸರು ಓದಿಸಿಕೊಂಡವರು ಕೊಟ್ಟಿರಲೇ ಇಲ್ಲ. ಕೈಗೆ ಬಂದುದು 1,77,000. ಬಹುಮಾನದ ಹಣ 50,000. ಬೆಳಕು, ಧ್ವನಿ, ಗ್ಯಾಲರಿ ಸೇರಿ 46,000. ತೀರ್ಪುಗಾರರ ಸಂಭಾವನೆ ಮತ್ತು ಪ್ರಯಾಣ 18,500. ತಂಡಗಳ ಊಟಕ್ಕೆ 27,900. ಫ್ಲೆಕ್ಸು, ಮುದ್ರಣ, ಅನುಮತಿಗಳಿಗೆ 9,000. ಟ್ರೋಫಿಗಳಿಗೆ 10,000. ಒಟ್ಟು ಖರ್ಚು 1,61,400, ಉಳಿದುದು 15,600. ಒಂದು ರಾತ್ರಿಯ ಸಡಗರ ಊರಿಗೆ ಕೊಟ್ಟುದು ಇಷ್ಟು. ದಾನ ಕೊಡುವವರು ಟ್ರೋಫಿಗೆ ಕೊಡುತ್ತಾರೆ, ಏಕೆಂದರೆ ಟ್ರೋಫಿಯ ಮೇಲೆ ಹೆಸರು ಕೆತ್ತಬಹುದು. ಮೊಟ್ಟೆಯ ಮೇಲೆ ಹೆಸರು ಕೆತ್ತಲಾಗುವುದಿಲ್ಲ. ಐದನೆಯ ತರಗತಿಯ ಹುಡುಗನ ಹೆಗಲಿನವರೆಗೆ ಬರುವ ಟ್ರೋಫಿಗಳು ಶಾಲೆಯ ಕಪಾಟಿನಲ್ಲಿ ಹಿಡಿಸದೆ ಬೆಂಚಿನ ಕೆಳಗೆ ಬಿದ್ದಿರುವುದನ್ನು ನೋಡಿದರೆ, ಪಂದ್ಯಾಟ ಮಕ್ಕಳಿಗಾಗಿ ನಡೆಯುತ್ತಿದೆಯೋ ಮಕ್ಕಳು ಪಂದ್ಯಾಟಕ್ಕಾಗಿ ಬೆಳೆಯುತ್ತಿದ್ದಾರೋ ಎಂಬ ಸಂದೇಹ ಬಾರದಿರದು.

ಉಳಿದ 15,600ರಲ್ಲಿ 14,300 ರೂಪಾಯಿಗೆ ಇಪ್ಪತ್ತೆರಡು ಜತೆ ಪಾದರಕ್ಷೆ. ಇದು ಹೊಸ ಕಾಲದ ಖರ್ಚು. ಮಣ್ಣಿನ ಅಂಗಣದಲ್ಲಿ ಬರಿಗಾಲಿನ ಆಟವಾಗಿದ್ದ ಕಬಡ್ಡಿ, 2014ರಲ್ಲಿ ಪ್ರೊ ಕಬಡ್ಡಿ ಲೀಗ್ ಆರಂಭವಾಗಿ ಟಿವಿಯಲ್ಲಿ ಮನೆಮನೆಗೆ ಬಂದ ಮೇಲೆ ಮ್ಯಾಟಿನ ಆಟವಾಯಿತು. ಪುರುಷರ ಅಂಗಣ ಹದಿಮೂರು ಮೀಟರು ಉದ್ದ, ಹತ್ತು ಮೀಟರು ಅಗಲ. ಮೀಟರಿಗೆ ಮೀಟರಿನ ತುಂಡುಗಳಾದರೆ ಗೆರೆಯೊಳಗಿಗೇ ನೂರಮೂವತ್ತು ಬೇಕು. ಮಣ್ಣಿನಲ್ಲೇ ಕಲಿತ ಮಗು ಮ್ಯಾಟಿನ ಮೇಲೆ ಮೊದಲ ಬಾರಿ ನಿಲ್ಲುವುದು ಆಯ್ಕೆಯ ದಿನವೇ ಆದರೆ ಜಾರಿ ಬೀಳುತ್ತದೆ. ಹಾಗಾಗಿ ಮ್ಯಾಟು ತಂದರು. ಮ್ಯಾಟು ಬಂದ ಮೇಲೆ ಪಾದರಕ್ಷೆ ಬೇಕಾಯಿತು. ಮಳೆಗಾಲದಲ್ಲಿ ಮ್ಯಾಟನ್ನು ಒಣಗಿದ ಜಾಗದಲ್ಲಿ ಒಟ್ಟಬೇಕಾಯಿತು, ಅದಕ್ಕೆ ಟಾರ್ಪಾಲು ಬೇಕಾಯಿತು. ಬಡವರ ಆಟವೆಂದು ನಾವು ಹೊಗಳುವ ಆಟ ಈಗ ಬಡವರಿಗೆ ಅಷ್ಟೇನೂ ಅಗ್ಗವಲ್ಲ.

ಮಿಕ್ಕ 1,300 ಮೇ ತಿಂಗಳ ಶಿಬಿರದ ಬಾಳೆಹಣ್ಣಿಗೆ ಹೋಯಿತು. ಅಲ್ಲಿಗೆ ಪಂದ್ಯಾಟದ ಲೆಕ್ಕ ಮುಗಿಯಿತು.

ವಾರದ ಲೆಕ್ಕ ಬೇರೆ. ತಿಂಗಳಿಗೆ ಐವತ್ತು ರೂಪಾಯಿ ಶುಲ್ಕ. ಎಲ್ಲರೂ ಕೊಟ್ಟರೆ 1,700. ಯಾವ ತಿಂಗಳೂ 900 ದಾಟಿದುದಿಲ್ಲ. ಮೊಟ್ಟೆಗೆ ಏಳು ರೂಪಾಯಿಯಂತೆ ಒಂದು ಭಾನುವಾರಕ್ಕೆ 238. ನಾಲ್ಕು ಭಾನುವಾರಕ್ಕೆ 952. ಶುಲ್ಕವೆಲ್ಲ ಮೊಟ್ಟೆಗೇ ಸಾಲದು. ಆ ಮೇಲೆ ಬಸ್ಸಿನ ಖರ್ಚು, ಮೊಣಕಾಲಿನ ಪಟ್ಟಿ, ಹುಬ್ಬು ಒಡೆದ ಹುಡುಗನಿಗೆ ಹೊಲಿಗೆ, ರಾತ್ರಿ ತಡವಾದಾಗ ಹುಡುಗಿಯರನ್ನು ಮನೆ ಮುಟ್ಟಿಸಲು ಆಟೋ. ಶುಲ್ಕ ಕೊಡದ ಮಗುವಿನ ಹೆಸರನ್ನು ಕೋಶಾಧಿಕಾರಿ ಎಲ್ಲಿಯೂ ಬರೆದಿಟ್ಟಿಲ್ಲ. ಬಂದ ಮೊತ್ತವಷ್ಟೇ ಇದೆ. ಅದನ್ನು ಲೆಕ್ಕಶಾಸ್ತ್ರ ಮೆಚ್ಚದು. ಆ ತಾಯಂದಿರು ಮೆಚ್ಚಿಯಾರು.

ಈ ಕೊರತೆ ತುಂಬಿದುದು ಎಲ್ಲಿಂದ? ‘ಸ್ವಂ.’ ಎಂಬ ಅಕ್ಷರ ಪಕ್ಕಾ ಪುಸ್ತಕದಲ್ಲೂ ಇತ್ತು. ಮೊದಲ ಭಾನುವಾರ ಹುಡುಗಿಯೂ ಅದನ್ನು ಊರಿನಂತೆಯೇ ಓದಿದಳು. ಕೂಡಿಸುತ್ತ ಹೋದಂತೆ ಅವಳ ಮುಖ ಇಳಿಯಿತಂತೆ. ಅಧ್ಯಾಪಕರು ಕೇಳಿದುದು ಒಂದೇ ಪ್ರಶ್ನೆ: ಅದನ್ನು ಯಾವ ಬದಿಯಲ್ಲಿ ಬರೆದಿದ್ದಾರೆ? ಎಡಬದಿಯಲ್ಲಿ, ಎಂದಳು. ಹೇಳಿದ ಮೇಲೆ ಅವಳೇ ಸುಮ್ಮನಾದಳು. ಎಡಬದಿ ಜಮೆಯದು. ಸ್ವಂತಕ್ಕೆ ತೆಗೆದುದಲ್ಲ, ಸ್ವಂತದಿಂದ ಹಾಕಿದುದು. ಪಾಸುಪುಸ್ತಕದೊಡನೆ ಹೋಲಿಸಿದರೆ ಪ್ರತಿ ‘ಸ್ವಂ.’ ಎದುರಿಗೂ ಅದೇ ದಿನ ಅಥವಾ ಹಿಂದಿನ ದಿನ ಅಂಗಡಿಯಲ್ಲಿ ಪಡೆದ ಮುಂಗಡವೋ ಖಾತೆಯಿಂದ ತೆಗೆದ ಸಂಬಳದ ಹಣವೋ ಇತ್ತು. ಕಡೆಯ ನಾಲ್ಕು ವರ್ಷಗಳಲ್ಲಿ ಹೀಗೆ ಹಾಕಿದುದು 41,250. ನಡುನಡುವೆ ಹಿಂತೆಗೆದುಕೊಂಡುದು 14,500. ಅದು ಬಲಬದಿಯಲ್ಲಿ ತಾರೀಕು ಸಹಿತ ಇದೆ. ಸಂಘದ ಹಣ ಅವರ ಬಳಿ ಇರಲಿಲ್ಲ. ಅವರ 26,750 ರೂಪಾಯಿ ಸಂಘದ ಬಳಿ ಇತ್ತು. ಎರಡು ಮೂರು ಸಣ್ಣ ಮೊತ್ತಗಳಿಗೆ ವಿವರ ದೊರೆಯಲಿಲ್ಲ. ಅವನ್ನು ಹಾಗೆಯೇ ಬರೆದಿಟ್ಟರು.

ಇಲ್ಲಿಗೆ ಕಥೆ ಮುಗಿಸಿ ಆ ಮನುಷ್ಯನನ್ನು ದೇವರನ್ನಾಗಿ ಮಾಡಿಬಿಡುವುದು ಸುಲಭ. ಊರು ಅದನ್ನೇ ಮಾಡಲು ಹೊರಟಿತು. ಸೆಪ್ಟೆಂಬರಿನ ವಿಶೇಷ ಸಭೆಯಲ್ಲಿ ಕೆಲವರು ಕಣ್ಣೀರು ಹಾಕಿದರು. ವಾಟ್ಸಾಪಿನಲ್ಲಿ ಚೀಟಿ ಹಂಚಿದವರೇ ಎದ್ದು ನಿಂತು, ಅವರ ಹೆಸರಿನಲ್ಲಿ ಒಂದು ಶಾಶ್ವತ ಪರ್ಯಾಯ ಫಲಕವಿಡೋಣ, ಹನ್ನೆರಡು ಸಾವಿರದ ಒಳಗೆ ಚೆನ್ನಾಗಿಯೇ ಆಗುತ್ತದೆ ಎಂದರು. ಪತ್ನಿ ಸಭೆಯ ಹಿಂದಿನ ಸಾಲಿನಲ್ಲಿದ್ದರು. ಅವರು ಎದ್ದು ಹೇಳಿದ ಮಾತು ಇಷ್ಟೆ: “ಫಲಕ ಬೇಡ. ಮಗನ ಹಾಸ್ಟೆಲಿಗೆ ಕಟ್ಟಲಿಕ್ಕುಂಟು. ಪುಸ್ತಕದಲ್ಲಿ ಎಷ್ಟು ಉಂಟೋ ಅದನ್ನು ಕೊಡಿ.”

ಸಭೆ ಕಸಿವಿಸಿಗೊಂಡಿತು. ಸೇವೆಯೆಂದು ಕೊಟ್ಟುದನ್ನು ಮರಳಿ ಕೇಳಬಹುದೇ, ಗಂಡನ ಪುಣ್ಯವನ್ನು ಹೆಂಡತಿ ಅಳಿಸಬಹುದೇ ಎಂಬ ಪಿಸುಮಾತುಗಳೂ ಬಂದುವು. ಆದರೆ ಪುಸ್ತಕ ದಾನವೆಂದು ಹೇಳುತ್ತಿರಲಿಲ್ಲ. ದಾನಿಗಳ ಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಹಾಕಿದುದನ್ನೂ ತೆಗೆದುದನ್ನೂ ಬರೆದಿಟ್ಟವರು ಸಾಲದ ಲೆಕ್ಕವಿಟ್ಟವರು. ಅದನ್ನು ಪುಣ್ಯವೆಂದು ತಿದ್ದುವ ಅಧಿಕಾರ ಸಾಲಗಾರನಿಗಿಲ್ಲ. ಆ ಹಣ ಒಬ್ಬ ರೈಟರನ ಸಂಬಳ. ಅದು ಮೈದಾನಕ್ಕೆ ಹೋದ ತಿಂಗಳುಗಳಲ್ಲಿ ಮನೆಯಲ್ಲಿ ಏನು ಕಡಿಮೆಯಾಗಿತ್ತು ಎಂಬುದು ಸಭೆಗೆ ಗೊತ್ತಿರಲಿಲ್ಲ, ಅವರಿಗೆ ಗೊತ್ತಿತ್ತು. ಕೋಶಾಧಿಕಾರಿಯದೂ ಒಂದು ತಪ್ಪಿದೆ, ಹೇಳಲೇಬೇಕು. ಪ್ರತಿ ವರ್ಷ ಮಹಾಸಭೆಯಲ್ಲಿ ಅವರು ಓದಿದ ವರದಿಯಲ್ಲಿ ‘ಜಮೆ ಖರ್ಚು ಸರಿಸಮ’ ಎಂದಿರುತ್ತಿತ್ತು. ಸರಿಸಮವಾಗಿರಲಿಲ್ಲ. ಕಳ್ಳನನ್ನು ಮರೆಮಾಡಿದ ಲೆಕ್ಕದಂತೆ ಸಾಲಿಗನನ್ನು ಮರೆಮಾಡಿದ ಲೆಕ್ಕವೂ ಸುಳ್ಳು ಲೆಕ್ಕವೇ. ಮೂವತ್ತನಾಲ್ಕು ಮಕ್ಕಳ ಆಟಕ್ಕೆ ನಿಜವಾಗಿ ಎಷ್ಟು ಹಣ ಬೇಕೆಂಬುದು ಪೋಷಕರಿಗೆ ಹದಿನಾಲ್ಕು ವರ್ಷ ತಿಳಿಯದೆ ಹೋದುದು ಆ ‘ಸರಿಸಮ’ದಿಂದ. ತಿಳಿದಿದ್ದರೆ ಐವತ್ತು ರೂಪಾಯಿ ಕೊಡುವವರು ಹೆಚ್ಚುತ್ತಿದ್ದರೋ ಏನೋ. ಕಡೆಯ ಪಕ್ಷ ಐವತ್ತು ಸಾಲದೆಂಬುದಾದರೂ ಗೊತ್ತಾಗುತ್ತಿತ್ತು.

ಕೊಡುವುದೆಂದು ನಿರ್ಣಯವಾಯಿತು. ಎಲ್ಲಿಂದ ಕೊಡುವುದು? ಗಲ್ಫಿನಲ್ಲಿರುವ ಊರಿನ ಹುಡುಗರು ಅಲ್ಲಿಯ ತಮ್ಮ ಕೂಟದಿಂದ ಒಮ್ಮೆಗೇ ಕಳುಹಿಸುತ್ತೇವೆಂದರು. ಅದನ್ನು ಬೇಡವೆನ್ನಬೇಕಾಯಿತು. ವಿದೇಶದಲ್ಲಿ ದುಡಿಯುವ ಭಾರತೀಯ ಪ್ರಜೆ ತನ್ನ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳುಹಿಸುವ ಹಣ ವಿದೇಶಿ ದೇಣಿಗೆಯಲ್ಲ. ಆದರೆ ವಿದೇಶದಲ್ಲಿ ನೆಲೆಗೊಂಡ ಸಂಘಸಂಸ್ಥೆಯ ಹಣ 2010ರ ವಿದೇಶಿ ದೇಣಿಗೆ ಕಾಯಿದೆಯ ವ್ಯಾಪ್ತಿಗೆ ಬರುತ್ತದೆ, ಆ ಕಾಯಿದೆಯ ನೋಂದಣಿಯಾಗಲಿ ಪೂರ್ವಾನುಮತಿಯಾಗಲಿ ಇಲ್ಲದೆ ಸ್ವೀಕರಿಸಿದರೆ ಅಪರಾಧ. ಹುಡುಗರು ಒಬ್ಬೊಬ್ಬರಾಗಿ ತಮ್ಮ ತಮ್ಮ ಖಾತೆಯಿಂದ ಕಳುಹಿಸಲೊಪ್ಪಿದರು. ಅರ್ಧ ಮಂದಿ ಕಳುಹಿಸಿದರು. ಸಮ್ಮಾನ ಕೂಪನ್ ಮಾರೋಣವೆಂದವರಿಗೂ ನಿರಾಶೆಯಾಯಿತು. ಹತ್ತು ರೂಪಾಯಿಗೆ ಚೀಟಿ ಮಾರಿ ಅದೃಷ್ಟವಂತನಿಗೆ ಮಿಕ್ಸಿ ಕೊಡುವುದು, ಕಾಯಿದೆಯ ಭಾಷೆಯಲ್ಲಿ, ಸರಕಾರದ ಅಧಿಕಾರವಿಲ್ಲದ ಲಾಟರಿ. 1967ರಿಂದ ಸರಕಾರವೇ ಲಾಟರಿ ನಡೆಸುತ್ತಿರುವ ರಾಜ್ಯದಲ್ಲಿ ಇದು ಯಾರಿಗೂ ಅಪರಾಧವೆಂದು ತೋರುವುದಿಲ್ಲ. ಆದರೂ ಮಕ್ಕಳ ಹೆಸರಿನಲ್ಲಿ ಅದನ್ನು ಮಾಡದಿರುವುದೇ ಲೇಸು.

ಮರುವರ್ಷ ಹೊನಲು ಬೆಳಕಿನ ಪಂದ್ಯಾಟ ನಡೆಯಲಿಲ್ಲ. ಬದಲಿಗೆ ಸುತ್ತಲಿನ ಶಾಲೆಗಳ ಮಕ್ಕಳಿಗಾಗಿ ಹಗಲಿನಲ್ಲಿ ಒಂದು ದಿನದ ಆಟ. ಬೆಳಕಿಲ್ಲ, ಗ್ಯಾಲರಿಯಿಲ್ಲ, ಗೆದ್ದವರಿಗೆ ಪುಸ್ತಕ ಮತ್ತು ಮೊಣಕಾಲ ಪಟ್ಟಿ. ಜನ ಕಡಿಮೆ ಬಂದರು. ಸಂಘ ನೋಂದಣಿಯಾಯಿತು. ಈಗ ಖಾತೆ ಸಂಘದ ಹೆಸರಲ್ಲಿದೆ, ಹಣ ತೆಗೆಯಲು ಇಬ್ಬರ ಸಹಿ ಬೇಕು, ಕೋಶಾಧಿಕಾರಿಯ ಅವಧಿ ಎರಡು ವರ್ಷ. ತಿಂಗಳ ಲೆಕ್ಕವನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಮೈದಾನದ ಬದಿಯ ಅಂಗಡಿಯ ಗೋಡೆಗೆ ಅಂಟಿಸುತ್ತಾರೆ. ಓದುವವರು ಬಹಳವಿಲ್ಲ. ಮೊಟ್ಟೆಯ ಬೆಲೆ ಏರಿದಾಗ ಮಾತ್ರ ನಾಲ್ಕೈದು ತಾಯಂದಿರು ನಿಂತು ಓದಿದರು. ಅದರ ಮುಂದಿನ ತಿಂಗಳು ಶುಲ್ಕ 1,250ಕ್ಕೆ ಏರಿತ್ತು. ಹೊಸ ಲೆಕ್ಕದಲ್ಲಿ ಯಾರೂ ಸಂಕ್ಷೇಪಾಕ್ಷರ ಬಳಸಕೂಡದೆಂಬುದು ಆ ಹುಡುಗಿಯ ಶರತ್ತು. ಈಗ ಅವಳೇ ಕೋಶಾಧಿಕಾರಿ.

26,750ನ್ನು ಐದು ಕಂತುಗಳಾಗಿ ಮಾಡಿದ್ದಾರೆ, ಒಂದೊಂದು 5,350. ಮೂರು ಸಂದಿವೆ. ಐದು ಸಾವಿರ ದಾಟಿದ ಪಾವತಿಯಾದುದರಿಂದ ರಶೀದಿಗೆ ರೆವೆನ್ಯೂ ಸ್ಟಾಂಪು ಬೇಕು. ಮೊದಲ ಕಂತಿನ ದಿನ ಆ ಗೃಹಿಣಿ ತಮ್ಮ ಪರ್ಸಿನಿಂದ ಒಂದು ರೂಪಾಯಿಯ ನಾಣ್ಯ ತೆಗೆದು ಮೇಜಿನ ಮೇಲಿಟ್ಟರು. ಹುಡುಗಿ ಅದನ್ನು ಅವರತ್ತ ಹಿಂದಕ್ಕೆ ಸರಿಸಿ, ಸ್ಟಾಂಪು ಅಂಟಿಸಿ, ಸಹಿ ಮಾಡಿಸಿಕೊಂಡು, ಪುಸ್ತಕದ ಬಲಬದಿಯಲ್ಲಿ ಪೂರ್ಣಾಕ್ಷರಗಳಲ್ಲಿ ಬರೆದಳು: ರಶೀದಿಗೆ ರೆವೆನ್ಯೂ ಸ್ಟಾಂಪು, 1 ರೂಪಾಯಿ.